ಬೆರಳಲ್ಲಿ 98, ನೆತ್ತರಲ್ಲಿ 3.8

2021ರ ಬೇಸಿಗೆಯಲ್ಲಿ ದಮ್ಮು ಹತ್ತುತ್ತದೆ ಎಂದು ಯಾರಾದರೂ ಹೇಳಿದರೆ ಎಲ್ಲರ ಬಾಯಲ್ಲೂ ಒಂದೇ ಕಾಯಿಲೆಯ ಹೆಸರು ಬರುತ್ತಿತ್ತು, ಕೊರೊನಾ. ನನಗೆ ಬಂದದ್ದು ಅದಲ್ಲ. ನನ್ನ ಶ್ವಾಸಕೋಶ ಚೆನ್ನಾಗಿತ್ತು. ಎಳೆದುಕೊಂಡ ಗಾಳಿ ಎದೆಯ ತಳದವರೆಗೆ ಇಳಿಯುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಪ್ರತಿ ಸಲವೂ 98, 99 ಎಂದೇ ತೋರಿಸುತ್ತಿತ್ತು. ಹಾಗಿದ್ದೂ ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂರುತ್ತಿದ್ದೆ. ಆ ನಂಬರು ಚೆನ್ನಾಗಿ ಬರುತ್ತಿದ್ದುದರಿಂದಲೇ ನನ್ನ ರೋಗ ತಿಳಿಯಲು ತಡವಾಯಿತು. ಆ ದಿನಗಳಲ್ಲಿ ನಾನು ಪಟ್ಟದ್ದನ್ನು, ಆಮೇಲೆ ತಿಳಿದುಕೊಂಡದ್ದನ್ನು ಬರೆದಿಡಬೇಕು ಅನ್ನಿಸಿದೆ. ನಮ್ಮ ಕಡೆ ನನ್ನಂಥ ಹೆಣ್ಣುಮಕ್ಕಳು ಬಹಳ ಮಂದಿ ಇದ್ದಾರೆ.

ನಾನು ಸೇಡಂ ತಾಲ್ಲೂಕಿನ, ಕಾಗಿಣಾ ಹೊಳೆಯ ಕಡೆಯ ಒಂದು ಊರಿನ ಆಶಾ ಕಾರ್ಯಕರ್ತೆ. ಹುಟ್ಟಿ ಬೆಳೆದದ್ದು ವಾಡಿಯಲ್ಲಿ, ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ತಮ್ಮ ಶಹಾಬಾದಿನಲ್ಲಿ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಮಷೀನಿನ ಮೇಲಿದ್ದಾನೆ. ನಮ್ಮ ಮನೆಯವರದು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆಯ ಲೋಡಿಂಗ್ ಕೆಲಸ, ಜೊತೆಗೆ ಒಂದಿಷ್ಟು ತೊಗರಿ ಹೊಲ. ಮಗಳು ಆಗ ಪಿಯುಸಿ ಸೈನ್ಸ್ ಓದುತ್ತಿದ್ದಳು. ಕಾಲೇಜು ಮುಚ್ಚಿತ್ತು, ಪುಸ್ತಕಗಳೆಲ್ಲ ಮನೆಯಲ್ಲೇ ಇದ್ದವು. ಆ ಪುಸ್ತಕಗಳಿಂದ ನನಗೆ ಆಮೇಲೆ ದೊಡ್ಡ ಉಪಕಾರವಾಯಿತು.

ತೊಂದರೆ ಶುರುವಾದದ್ದು ಚಳಿಗಾಲದಲ್ಲಿ. ಮೊದಲು ಕಿವಿಯಲ್ಲಿ ಸದ್ದು. ರಾತ್ರಿ ತಲೆದಿಂಬಿಗೆ ಕಿವಿ ಇಟ್ಟರೆ ಎದೆಬಡಿತದ ತಾಳಕ್ಕೆ ಸರಿಯಾಗಿ ಭುಸ್ ಭುಸ್ ಎನ್ನುತ್ತಿತ್ತು. ಆಮೇಲೆ ಹಸಿ ಅಕ್ಕಿ ತಿನ್ನುವ ಚಪಲ. ಒಲೆಗೆ ಎಸರಿಟ್ಟು ಅಕ್ಕಿ ಆರಿಸುವಾಗ ಒಂದು ಹಿಡಿ ಬಾಯಿಗೆ ಹೋಗುತ್ತಿತ್ತು, ಅದು ನಿಲ್ಲುತ್ತಿರಲಿಲ್ಲ. ಉಗುರು ತೆಳ್ಳಗಾಗಿ ನಡುವೆ ತಗ್ಗು ಬಿದ್ದವು. ನಾಲಿಗೆ ನುಣ್ಣಗಾಗಿ ಖಾರ ತಗುಲಿದರೆ ಉರಿಯುತ್ತಿತ್ತು. ಏಪ್ರಿಲ್ ಬಂತು, ನಮ್ಮ ಕಡೆ ನೆಲ ಕಾದ ಹಂಚಾಗುವ ತಿಂಗಳು, ಆದರೆ ನನ್ನ ಪಾದ ತಣ್ಣಗೇ ಇರುತ್ತಿದ್ದವು. ಗುಲಾಬಿ ಸೀರೆ ಉಟ್ಟು ಮನೆಮನೆ ತಿರುಗುವಾಗ ಪ್ರತಿ ಓಣಿಯ ಕೊನೆಯಲ್ಲಿ ಯಾರದಾದರೂ ಕಟ್ಟೆಯ ಮೇಲೆ ಕೂರಬೇಕಾಗುತ್ತಿತ್ತು.

ಇದಕ್ಕೆಲ್ಲ ಮೂಲ ಮುಟ್ಟಿನ ರಕ್ತಸ್ರಾವ. ಒಂದೂವರೆ ಎರಡು ವರ್ಷದಿಂದ ವಿಪರೀತ ಹೋಗುತ್ತಿತ್ತು. ಗರ್ಭಚೀಲದಲ್ಲಿ ಗಡ್ಡೆ ಇರಬಹುದು ಎಂದು ನನಗೂ ಅನುಮಾನ ಇತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಗರ್ಭಚೀಲದ ಮಾತು ಬಂದರೆ ಹೆಂಗಸರ ಎದೆ ಒಡೆಯುತ್ತದೆ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ತಾಂಡಾದ ಹೆಣ್ಣುಮಕ್ಕಳ, ದಲಿತ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಬೇಕಿಲ್ಲದೆ ತೆಗೆದುಹಾಕಿದ ಸಂಗತಿ 2015ರ ಹೊತ್ತಿಗೆ ಹೊರಬಿದ್ದು ಕಲಬುರಗಿಯಲ್ಲಿ ದೊಡ್ಡ ಹೋರಾಟವೇ ನಡೆಯಿತು. ಮೂವತ್ತು ದಾಟದ ಹುಡುಗಿಯರೂ ಅವರಲ್ಲಿದ್ದರು. ಅಂಥವರ ಮನೆಗಳಿಗೆ ನಾವೇ ಹೋಗಿ ಕೂತು ಅವರ ಕಥೆ ಕೇಳಿದವರು. ಸ್ರಾವ ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತಲು ಕಾಲು ಹಿಂಜರಿಯುವುದು ನಮ್ಮಲ್ಲಿ ಸುಮ್ಮನೆ ಹುಟ್ಟಿದ ಭಯವಲ್ಲ.

ಕಬ್ಬಿಣದ ಕೆಂಪು ಗುಳಿಗೆ ನಾನು ನುಂಗುತ್ತಲೇ ಇದ್ದೆ. ಅದು ಯಾಕೆ ಸಾಲಲಿಲ್ಲ ಎಂಬ ಲೆಕ್ಕ ಆಮೇಲೆ ತಿಳಿಯಿತು. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ಮುಟ್ಟಿನಲ್ಲಿ 80 ಮಿಲಿಲೀಟರ್ ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ನನಗೆ ಅದರ ಎಷ್ಟೋ ಪಟ್ಟು ಹೋಗುತ್ತಿತ್ತು. ನಾವು ಉಣ್ಣುವ ಊಟದಿಂದ ಮೈಗೆ ದಿನಕ್ಕೆ ಹತ್ತುವುದು ಒಂದೆರಡು ಮಿಲಿಗ್ರಾಂ. ಗುಳಿಗೆಯಲ್ಲಿ 60 ಮಿಲಿಗ್ರಾಂ ಇದ್ದರೂ ಅದರಲ್ಲಿ ಕರುಳು ಹೀರಿಕೊಳ್ಳುವುದು ಸ್ವಲ್ಪವೇ. ಬರುವುದಕ್ಕಿಂತ ಹೋಗುವುದು ಹೆಚ್ಚಾದಾಗ ಮೂಳೆಯ ಮಜ್ಜೆಯಲ್ಲಿ ಕೂಡಿಟ್ಟ ಕಬ್ಬಿಣ ಮೊದಲು ಖಾಲಿಯಾಗುತ್ತದೆ, ಆಮೇಲೆ ರಕ್ತದ ಬಣ್ಣವೇ ತೆಳುವಾಗುತ್ತದೆ.

ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ ಬಂತು. ನಮ್ಮ ಕೆಲಸ ಮೂರು ಪಟ್ಟಾಯಿತು. ಜ್ವರ ಬಂದವರ ಮನೆ, ಊರಿಗೆ ಮರಳಿದ ಕೂಲಿಕಾರರ ಮನೆ, ಎಲ್ಲ ಕಡೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕಿ ನಂಬರು ಬರೆದುಕೊಳ್ಳಬೇಕು. 94ರ ಕೆಳಗೆ ಬಂದರೆ ಕೂಡಲೇ ಫೋನ್ ಮಾಡಬೇಕು. ನನಗೆ ದಮ್ಮು ಹೆಚ್ಚಾದಾಗ ನಾನೂ ಅದೇ ಯಂತ್ರಕ್ಕೆ ಬೆರಳು ಕೊಟ್ಟೆ. 98. ಬೇರೆ ಬೆರಳು. 99. ನಾಡಿ ಮಾತ್ರ 120ರ ಮೇಲೆ.

ಹತ್ತಿರದ ಪಟ್ಟಣದ ಒಂದು ಆಸ್ಪತ್ರೆಗೆ ಹೋದೆವು. ಹೊರಗೆ ಶಾಮಿಯಾನದಡಿ ಸಾಲು. ಮೂಗಿನಲ್ಲಿ ಕಡ್ಡಿ ಹಾಕಿ ನೋಡಿದರು, ನೆಗೆಟಿವ್. ಬೆರಳು ನೋಡಿದರು, 98. "ಆಕ್ಸಿಜನ್ ಛಲೋ ಅದ ಬಾಯಿ, ಏನೂ ಆಗಿಲ್ಲ. ಅಂಜಿಕಿಗೆ ದಮ್ಮು ಬಂದಂಗ ಆಗ್ತದ. ಮನಿಗೆ ಹೋಗಿ ಆರಾಮ ಮಾಡ್ರಿ" ಅಂದರು. ತುಟಿ ನೀಲಿಯಾಗಿದೆಯೇ ಎಂದೂ ನೋಡಿದರು, ಆಗಿರಲಿಲ್ಲ. ಅವರ ಹಿಂದೆ ನಿಜವಾಗಿಯೂ ಎಪ್ಪತ್ತು, ಎಂಬತ್ತು ತೋರಿಸುತ್ತಿದ್ದ ಜನ ನೆಲದ ಮೇಲೆ ಮಲಗಿದ್ದರು. ನಾನು ಎದ್ದು ಬಂದೆ.

ತುಟಿಯ ಬಣ್ಣದ ಬಗ್ಗೆ ಕಲಬುರಗಿಯ ಡಾಕ್ಟರು ಆಮೇಲೆ ಹೇಳಿದ ಮಾತು ನನ್ನನ್ನು ಈಗಲೂ ನಡುಗಿಸುತ್ತದೆ. ತುಟಿ ನೀಲಿಯಾಗಬೇಕಾದರೆ 100 ಮಿಲಿಲೀಟರ್ ರಕ್ತದಲ್ಲಿ ಆಕ್ಸಿಜನ್ ಕಳೆದುಕೊಂಡ ಹಿಮೋಗ್ಲೋಬಿನ್ ಸುಮಾರು 5 ಗ್ರಾಂ ಇರಬೇಕು. ನನ್ನ ರಕ್ತದಲ್ಲಿ ಒಟ್ಟು ಹಿಮೋಗ್ಲೋಬಿನ್ನೇ ಅಷ್ಟು ಇರಲಿಲ್ಲ. ನನ್ನಂಥವರು ಸಾಯುವ ಗಳಿಗೆಯಲ್ಲೂ ನೀಲಿಯಾಗುವುದಿಲ್ಲ, ಬಿಳಿಚಿಕೊಂಡೇ ಹೋಗುತ್ತಾರೆ.

ಮೇ ತಿಂಗಳ ಮೊದಲ ವಾರ ಒಂದು ಮನೆಯ ಅಂಗಳದಲ್ಲಿ ಮುದುಕರ ಬೆರಳು ಹಿಡಿದುಕೊಂಡಿದ್ದವಳು ಹಾಗೇ ಬಿದ್ದೆನಂತೆ. ಎಚ್ಚರ ಬಂದಾಗ ಮಗಳು ಮುಖಕ್ಕೆ ನೀರು ಹಾಕುತ್ತಿದ್ದಳು. ನಮ್ಮ ಮನೆಯವರು 108ಕ್ಕೆ ಫೋನ್ ಹಚ್ಚಿ ಹಚ್ಚಿ ಸಾಕಾಗಿ ಕೊನೆಗೆ ಒಬ್ಬರ ಟಂಟಂ ಗಾಡಿ ತಂದರು. ಮಳಖೇಡ ದಾಟಿ ಕಲಬುರಗಿಯ ದಾರಿ ಐವತ್ತು ಕಿಲೋಮೀಟರಿಗೂ ಹೆಚ್ಚು. ಅಲ್ಲಲ್ಲಿ ಪೊಲೀಸರು ಅಡ್ಡ ಕಟ್ಟಿದ್ದರು, ನನ್ನ ಮುಖ ನೋಡಿ ಬಿಟ್ಟರು. ಸೀಟಿನ ಮೇಲೆ ಮಲಗಿದ್ದಾಗ ಅಷ್ಟು ಕಷ್ಟವಿಲ್ಲ. ಎದ್ದು ಕೂತರೆ ಸಾಕು, ಎದೆ ಒಡೆದು ಹೊರಗೆ ಬರುವ ಹಾಗೆ ಬಡಿಯುತ್ತಿತ್ತು.

ಕಲಬುರಗಿಯಲ್ಲಿ ನನ್ನನ್ನು ನೋಡಿದ್ದು ಒಬ್ಬ ಎಳೆಯ ವೈದ್ಯೆ. ಬೆರಳಿನ ಯಂತ್ರ ನೋಡಲೇ ಇಲ್ಲ. ಕೆಳಗಿನ ಕಣ್ಣರೆಪ್ಪೆಯನ್ನು ಹೆಬ್ಬೆರಳಲ್ಲಿ ಎಳೆದು ನೋಡಿ, ನನ್ನ ಅಂಗೈಯನ್ನು ತನ್ನ ಅಂಗೈಯ ಪಕ್ಕ ಇಟ್ಟುಕೊಂಡು, "ಹಿಮೋಗ್ಲೋಬಿನ್ ಯಾವಾಗ ನೋಡಿಸೀರಿ?" ಎಂದು ಕೇಳಿದಳು. ರಕ್ತ ತೆಗೆದಾಗ ನಾನೇ ನೋಡಿದೆ. ಸಿರಿಂಜಿನಲ್ಲಿ ಬಂದದ್ದು ದಾಸವಾಳ ನೆನೆಸಿಟ್ಟ ನೀರಿನ ಬಣ್ಣಕ್ಕಿಂತ ಹೆಚ್ಚಿರಲಿಲ್ಲ. ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 3.8 ಗ್ರಾಂ. ನನ್ನ ವಯಸ್ಸಿನ ಹೆಂಗಸಿಗೆ 12 ಇರಬೇಕು. 8ರ ಕೆಳಗೆ ಬಂದರೆ ತೀವ್ರ ರಕ್ತಹೀನತೆ ಎಂದು ನಾವೇ ತರಬೇತಿಯಲ್ಲಿ ಕಲಿತಿದ್ದೇವೆ.

"ಹಂಗಾದ್ರ ಆಕ್ಸಿಜನ್ 98 ಯಾಕ ತೋರಿಸ್ತದ ಮೇಡಂ?" ನಮ್ಮ ಮನೆಯವರು ಕೇಳಿದರು. ಆ ಗದ್ದಲದಲ್ಲೂ ಆಕೆ ನಿಂತು ಉತ್ತರ ಹೇಳಿದಳು. ತವರು ಯಾವುದೆಂದು ನನ್ನನ್ನು ಕೇಳಿದಳು. ವಾಡಿ ಅಂದೆ. "ವಾಡಿ ಜಂಕ್ಷನ್ನಿನಾಗ ಗೂಡ್ಸ್ ಗಾಡಿ ನೋಡೀರಿ ಅಲ್ಲ? ಅದರಾಗ ನೂರಕ್ಕ ಎಷ್ಟು ಡಬ್ಬಿ ತುಂಬ್ಯಾವ ಅಂತ ಈ ಯಂತ್ರ ಹೇಳ್ತದ. ಎಷ್ಟು ಡಬ್ಬಿ ಅವ ಅಂತ ಹೇಳಂಗಿಲ್ಲ. ನಿಮ್ಮ ಗಾಡಿಗೆ ಉಳಿದಿದ್ದೇ ಮೂರರಾಗ ಒಂದು ಪಾಲು ಡಬ್ಬಿ. ಅವೆಲ್ಲ ತುಂಬ್ಯಾವ. ಅದಕ್ಕ 98."

ನಾನು ಹುಟ್ಟಿದಾಗಿನಿಂದ ನೋಡಿದ ಗಾಡಿಗಳು. ಒಂದೇ ಮಾತಿಗೆ ಅರ್ಥವಾಯಿತು.

ಆ ಯಂತ್ರ ಕೆಲಸ ಮಾಡುವ ಬಗೆಯನ್ನು ಮಗಳು ಆಮೇಲೆ ಬಿಡಿಸಿ ಹೇಳಿದಳು. ಬೆರಳಿನ ಒಂದು ಬದಿಯಿಂದ ಎರಡು ಬೆಳಕು ಹಾಯಿಸುತ್ತಾರೆ. ಒಂದು 660 ನ್ಯಾನೋಮೀಟರಿನ ಕೆಂಪು, ಇನ್ನೊಂದು 940ರ ಆಸುಪಾಸಿನ, ಕಣ್ಣಿಗೆ ಕಾಣದ ಅವಗೆಂಪು. ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಬಿಟ್ಟುಕೊಡುತ್ತದೆ, ಹಿಡಿಯದಿರುವುದು ನುಂಗಿಕೊಳ್ಳುತ್ತದೆ. ನಾಡಿ ಬಡಿದಾಗಲೆಲ್ಲ ಆಚೆ ಬದಿಗೆ ತಲುಪುವ ಎರಡೂ ಬೆಳಕುಗಳ ಪ್ರಮಾಣ ಹೋಲಿಸಿ ಶೇಕಡಾವಾರು ಕಟ್ಟುತ್ತಾರೆ. ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ 1974ರಲ್ಲಿ ಜಗತ್ತಿನ ಮುಂದಿಟ್ಟ ತತ್ತ್ವ ಇದು. ಆ ಕೋವಿಡ್ ವರ್ಷಗಳಲ್ಲಿ ಅದು ಎಷ್ಟೋ ಜನರನ್ನು ಸಕಾಲಕ್ಕೆ ಆಸ್ಪತ್ರೆ ಮುಟ್ಟಿಸಿತು. ಯಂತ್ರದ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅದು ತನ್ನನ್ನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು.

ಮಲಗಿದಲ್ಲೇ ನಾನು ಮಗಳ ಪುಸ್ತಕ ಓದಿಸಿಕೊಂಡೆ. ರಕ್ತದಲ್ಲಿ ಅನಿಲಗಳ ಸಾಗಣೆ ಎಂಬ ಪಾಠ. ಆಕ್ಸಿಜನ್ನಿನಲ್ಲಿ ಶೇ 97ರಷ್ಟು ಕೆಂಪು ರಕ್ತಕಣದ ಒಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಹೋಗುತ್ತದೆ, ಉಳಿದ ಶೇ 3 ರಕ್ತದ ನೀರಿನಲ್ಲಿ ಕರಗಿ ಹೋಗುತ್ತದೆ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ಕಬ್ಬಿಣ ಕೂತ ನಾಲ್ಕು ಜಾಗ, ಒಂದೊಂದಕ್ಕೂ ಒಂದು ಆಕ್ಸಿಜನ್ ಅಣು. ಇಡೀ ವ್ಯವಹಾರ ಕಬ್ಬಿಣದ ಮೇಲೆ ನಿಂತಿದೆ. ಕಬ್ಬಿಣ ಇಲ್ಲದಿದ್ದರೆ ಮಜ್ಜೆ ಕಣಗಳನ್ನು ಹುಟ್ಟಿಸುತ್ತದೆ ನಿಜ, ಆದರೆ ಸಣ್ಣವು, ಬಿಳುಚಾದವು, ಒಳಗೆ ಸರಕು ಹೊರುವ ಜಾಗ ಇಲ್ಲದವು.

ಮಗಳು ನೋಟ್‌ಬುಕ್ಕಿನ ಹಾಳೆಯ ಮೇಲೆ ಲೆಕ್ಕ ಹಾಕಿದಳು. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತದೆ. 15 ಗ್ರಾಂ ಇರುವವರ 100 ಮಿಲಿಲೀಟರ್ ರಕ್ತದಲ್ಲಿ 20 ಮಿಲಿಲೀಟರ್ ಆಕ್ಸಿಜನ್ ಇರುತ್ತದೆ. ಅದರಲ್ಲಿ ಸುಮ್ಮನೆ ಕೂತಾಗ ಮೈ ಬಳಸುವುದು 5 ಮಿಲಿಲೀಟರ್ ಮಾತ್ರ, ಉಳಿದ ಮುಕ್ಕಾಲು ಪಾಲು ಹಾಗೇ ವಾಪಸು ಬರುತ್ತದೆ. ಓಡುವಾಗ, ಭಾರ ಎತ್ತುವಾಗ, ಜ್ವರ ಬಂದಾಗ ಬಳಸಲು ಇರುವ ಗಂಟು ಅದು. ನನ್ನ 3.8 ಗ್ರಾಂಗೆ ಬಂದ ಲೆಕ್ಕ 5.1 ಮಿಲಿಲೀಟರ್. ಅವಳು ಪೆನ್ನು ಕೆಳಗಿಟ್ಟಳು. "ಅವ್ವಾ, ಎಲ್ಲಾ ಖಾಲಿ ಮಾಡಿದ್ರೂ ಕೂಡೋದಕ್ಕ ಅಷ್ಟೇ ಸಾಲ್ತದ" ಅಂದಳು. ನಾನು ಆ ರಕ್ತ ಇಟ್ಟುಕೊಂಡು ಓಣಿ ಓಣಿ ನಡೆದಿದ್ದೆ.

ಹಾಗಾದರೆ ಅಷ್ಟು ದಿನ ಬದುಕಿದ್ದು ಹೇಗೆ? ಹೃದಯದಿಂದ. ಅದು ನಿಮಿಷಕ್ಕೆ 5 ಲೀಟರ್ ತಳ್ಳುವ ಬದಲು ಅದರ ಎರಡರಷ್ಟು ತಳ್ಳುತ್ತಿತ್ತು. ಇದ್ದ ಸ್ವಲ್ಪ ಹಿಮೋಗ್ಲೋಬಿನ್ನನ್ನೇ ಬೇಗ ಬೇಗ ಸುತ್ತು ಹಾಕಿಸುತ್ತಿತ್ತು. ಕಿವಿಯಲ್ಲಿ ಕೇಳಿದ ಭುಸ್ ಭುಸ್ ಆ ತೆಳ್ಳಗಿನ ರಕ್ತ ರಭಸದಿಂದ ಹರಿಯುವ ಸದ್ದು. ಪಾದ ತಣ್ಣಗಿದ್ದದ್ದು, ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಮಿದುಳಿಗೆ, ಹೃದಯಕ್ಕೆ ಕೊಟ್ಟಿದ್ದರಿಂದ. ಕೆಂಪು ಕಣಗಳೂ ತಮ್ಮೊಳಗೆ 2,3-ಡಿಪಿಜಿ ಎಂಬ ವಸ್ತುವನ್ನು ಹೆಚ್ಚಿಸಿಕೊಂಡು, ಹಿಡಿದ ಆಕ್ಸಿಜನ್ನನ್ನು ಅಂಗಾಂಗಗಳಲ್ಲಿ ಸಡಿಲವಾಗಿ ಬಿಟ್ಟುಕೊಡುತ್ತಿದ್ದವು. ನನಗೆ ತಿಳಿಯದಂತೆ ಮೈ ತಿಂಗಳುಗಟ್ಟಲೆ ನನ್ನನ್ನು ಉಳಿಸಲು ದುಡಿದಿತ್ತು. ಅದನ್ನು ಓದಿಸಿಕೊಂಡಾಗ ನಾನು ಅತ್ತೆ. ಹೃದಯ ಸೋಲುವ ಹಂತಕ್ಕೆ ಬಂದಿತ್ತು, ಕಾಲು ಬಾತಿದ್ದವು.

ನನಗೊಂದು ಪ್ರಶ್ನೆ ಉಳಿದಿತ್ತು. ಆಕ್ಸಿಜನ್ ಇಷ್ಟು ಕಡಿಮೆ ಇದ್ದರೂ ಮಲಗಿದಾಗ ಏದುಸಿರು ಯಾಕೆ ಬರುತ್ತಿರಲಿಲ್ಲ? ಡಾಕ್ಟರು ಹೇಳಿದ್ದು ಇದು: ಉಸಿರಾಡು ಎಂದು ಮಿದುಳಿಗೆ ಮುಖ್ಯವಾಗಿ ಹೇಳುವುದು ಇಂಗಾಲದ ಡೈಆಕ್ಸೈಡ್. ಕುತ್ತಿಗೆಯ ರಕ್ತನಾಳದ ಬಳಿ ಆಕ್ಸಿಜನ್ ನೋಡಿಕೊಳ್ಳುವ ಪುಟ್ಟ ಕಾವಲು ಇದೆ, ಆದರೆ ಅದು ನೋಡುವುದು ರಕ್ತದ ನೀರಿನಲ್ಲಿ ಕರಗಿದ ಆಕ್ಸಿಜನ್ನಿನ ಒತ್ತಡವನ್ನು. ಅದು ನನ್ನಲ್ಲಿ ಸರಿಯಾಗಿತ್ತು. ಡೈಆಕ್ಸೈಡ್ ಕೂಡ ಸರಾಗ ಹೊರಗೆ ಹೋಗುತ್ತಿತ್ತು, ಏಕೆಂದರೆ ಅದು ಹಿಮೋಗ್ಲೋಬಿನ್ನನ್ನು ಆಕ್ಸಿಜನ್ನಿನಷ್ಟು ನೆಚ್ಚಿಕೊಂಡಿಲ್ಲ. ಶೇ 20ರಿಂದ 25ರಷ್ಟು ಮಾತ್ರ ಕೆಂಪು ಕಣಗಳು ಹೊರುತ್ತವೆ, ಶೇ 7 ಹಾಗೇ ಕರಗಿರುತ್ತದೆ, ಉಳಿದ ಶೇ 70 ಬೈಕಾರ್ಬೊನೇಟ್ ಆಗಿ ಹೋಗುತ್ತದೆ.

ಈ ಬೈಕಾರ್ಬೊನೇಟ್ ಎಂದರೇನೆಂದು ಸೇಡಂ, ಚಿತ್ತಾಪುರದ ಹೆಂಗಸರಿಗೆ ತೋರಿಸಲು ದೂರ ಹೋಗಬೇಕಿಲ್ಲ. ನಮ್ಮದು ಭೀಮಾ ಕಣಿವೆಯ ಸುಣ್ಣದ ಕಲ್ಲಿನ ನೆಲ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಇಳಿಯುತ್ತದೆ, ಕಲ್ಲನ್ನು ಕರಗಿಸುತ್ತದೆ, ಬೈಕಾರ್ಬೊನೇಟ್ ಆಗಿ ಬಾವಿ, ಬೋರಿನ ನೀರಿಗೆ ಸೇರುತ್ತದೆ. ಆ ನೀರು ಕಾಯಿಸಿದಾಗ ಹಂಡೆಯ ತಳದಲ್ಲಿ ಬಿಳಿ ಪದರು ಕೂರುತ್ತದಲ್ಲ, ಅದೇ ಹೊತ್ತಿಗೆ ಡೈಆಕ್ಸೈಡ್ ಅನಿಲವೂ ಬಿಡುಗಡೆಯಾಗಿ ಹಾರಿಹೋಗುತ್ತದೆ. ರಕ್ತದಲ್ಲಿ ಸುಣ್ಣ ಕೂರುವುದಿಲ್ಲ, ಆದರೆ ಅನಿಲ ನೀರಿನೊಡನೆ ಕೂಡಿ ಬೈಕಾರ್ಬೊನೇಟ್ ಆಗುವುದು, ಆಮೇಲೆ ಮತ್ತೆ ಅನಿಲವಾಗಿ ಬಿಡುಗಡೆಯಾಗುವುದು ಅದೇ ರಸಾಯನ. ನೆಲದಡಿ ಅದಕ್ಕೆ ಬಹಳ ಕಾಲ ಬೇಕು. ಕೆಂಪು ಕಣದೊಳಗೆ ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಇದೆ, ಅದರ ಒಂದೊಂದು ಅಣುವೂ ಸೆಕೆಂಡಿಗೆ ಲಕ್ಷಾಂತರ ಸಲ ಈ ಕೆಲಸ ಮಾಡಿಬಿಡುತ್ತದೆ. ಅಂಗಾಂಗಗಳಲ್ಲಿ ಒಂದು ದಿಕ್ಕಿಗೆ, ಶ್ವಾಸಕೋಶದಲ್ಲಿ ಅದರ ವಿರುದ್ಧ ದಿಕ್ಕಿಗೆ. ನಮ್ಮ ಕಾರ್ಖಾನೆಗಳ ಭಟ್ಟಿಯಲ್ಲಿ ಸುಣ್ಣದ ಕಲ್ಲು ಸುಟ್ಟಾಗಲೂ ಇದೇ ಅನಿಲ ಏಳುತ್ತದೆ, ಶುದ್ಧ ಕಲ್ಲು ನೂರು ಕಿಲೋ ಇದ್ದರೆ 44 ಕಿಲೋ. ನನ್ನ ಊರಿನ ಕಲ್ಲಿನಲ್ಲಿರುವ ಅನಿಲವೇ ನನ್ನ ಉಸಿರಿನಲ್ಲಿಯೂ ಇದೆ ಎಂದು ತಿಳಿದ ದಿನ ಆ ವಾರ್ಡಿನಲ್ಲಿ ನನಗೆ ಸಿಕ್ಕ ಒಂದೇ ಸಂತೋಷ.

ಆಕ್ಸಿಜನ್ ಮಾಸ್ಕ್ ನನಗೂ ಹಾಕಿದ್ದರು. ಅದರಿಂದ ಎಷ್ಟು ಲಾಭ ಎಂದು ಕೇಳಿದೆ. ಹಿಮೋಗ್ಲೋಬಿನ್ ಆಗಲೇ ತುಂಬಿದೆ, ಅದಕ್ಕೆ ಇನ್ನಷ್ಟು ಹಿಡಿಸಲಾಗದು. ಶುದ್ಧ ಆಕ್ಸಿಜನ್ ಕೊಟ್ಟರೆ ರಕ್ತದ ನೀರಿನಲ್ಲಿ ಕರಗುವ ಪಾಲು ಏರುತ್ತದೆ, ಬಹಳವಾದರೆ 100 ಮಿಲಿಲೀಟರಿಗೆ 2 ಮಿಲಿಲೀಟರ್. ನನ್ನ 5.1ಕ್ಕೆ ಅದೂ ದೊಡ್ಡದೇ. ಆದರೆ ಆ ದಿನಗಳಲ್ಲಿ ಸಿಲಿಂಡರ್ ಎಂದರೆ ಪ್ರಾಣ. 7,000 ಲೀಟರಿನ ಜಂಬೋ ಸಿಲಿಂಡರ್ ನಿಮಿಷಕ್ಕೆ 15 ಲೀಟರ್ ಹರಿಸಿದರೆ ಎಂಟು ಗಂಟೆಯೂ ಬರುವುದಿಲ್ಲ. ಬಳ್ಳಾರಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಳು ಹೊರಡುತ್ತಿದ್ದುದನ್ನು ಜನ ಮೊಬೈಲಿನಲ್ಲಿ ನೋಡುತ್ತಾ ಕೂತಿರುತ್ತಿದ್ದರು. ಮೇ 2, 3ರಂದು ಚಾಮರಾಜನಗರದಲ್ಲಿ ಆಕ್ಸಿಜನ್ ಸಾಲದೆ 24 ಜನ ತೀರಿಕೊಂಡ ಸುದ್ದಿ ವಾರ್ಡಿನ ತುಂಬ ಓಡಾಡುತ್ತಿತ್ತು. ಪಕ್ಕದ ಕೊಠಡಿಯಲ್ಲಿ ಒಬ್ಬ ಹುಡುಗನಿಗೆ ಬೇಕಾಯಿತು, ನನ್ನದನ್ನು ಸರಿಸಿದರು. ನನಗೆ ಬೇಕಾದದ್ದು ರಕ್ತ.

ರಕ್ತ ಎಲ್ಲೂ ಇರಲಿಲ್ಲ. ಶಿಬಿರಗಳು ನಿಂತುಹೋಗಿದ್ದವು. ಲಸಿಕೆ ಹಾಕಿಸಿಕೊಂಡವರು ಒಂದಷ್ಟು ದಿನ ರಕ್ತ ಕೊಡುವಂತಿಲ್ಲ ಎಂಬ ನಿಯಮ ಬೇರೆ, ಮೊದಲು 28 ದಿನ ಅಂದದ್ದನ್ನು ಆ ಮೇ ತಿಂಗಳಲ್ಲೇ 14ಕ್ಕೆ ಇಳಿಸಿದರು. ನಮ್ಮ ಮನೆಯವರು ಲಸಿಕೆ ಹಾಕಿಸಿಕೊಂಡು ವಾರವೂ ಆಗಿರಲಿಲ್ಲ, ಅವರನ್ನು ವಾಪಸು ಕಳಿಸಿದರು. ನನ್ನ ಗುಂಪು ಓ ಪಾಸಿಟಿವ್. ಸುದ್ದಿ ಕೇಳಿ ನನ್ನ ಜೊತೆಯ ಮೂವರು ಆಶಾ ಕಾರ್ಯಕರ್ತೆಯರು ಬಂದರು. ಒಬ್ಬಾಕೆ ಚಿತ್ತಾಪುರ ತಾಲ್ಲೂಕಿನವಳು, ಇನ್ನೊಬ್ಬಾಕೆ ಚಿಂಚೋಳಿಯ ಕಡೆಯ ತಾಂಡಾದವಳು, ಮತ್ತೊಬ್ಬಾಕೆ ನಮ್ಮ ಪಕ್ಕದ ಊರು. ಲಾಕ್‌ಡೌನಿನಲ್ಲಿ ಡ್ಯೂಟಿಯ ಗುರುತಿನ ಚೀಟಿ ತೋರಿಸುತ್ತಾ, ಸಿಕ್ಕ ಗಾಡಿ ಹತ್ತಿ ಬಂದಿದ್ದರು.

ರಕ್ತನಿಧಿಯಲ್ಲಿ ದಾನಿಯ ಬೆರಳು ಚುಚ್ಚಿ ಒಂದು ಹನಿಯನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಆ ದ್ರಾವಣದ ಸಾಂದ್ರತೆ 1.053. ಹಿಮೋಗ್ಲೋಬಿನ್ 12.5 ಗ್ರಾಂ ಇದ್ದರೆ ಹನಿ ಭಾರವಾಗಿ ಹದಿನೈದು ಸೆಕೆಂಡಿನೊಳಗೆ ತಳಕ್ಕೆ ಮುಳುಗುತ್ತದೆ. ಕಡಿಮೆ ಇದ್ದರೆ ತೇಲುತ್ತದೆ, ಅಂಥವರಿಂದ ರಕ್ತ ತೆಗೆಯುವುದಿಲ್ಲ. ಮಗಳು ಅವರ ಜೊತೆಗೆ ಹೋಗಿದ್ದಳು. ಮೊದಲ ಹನಿ ತೇಲಿತು. ಎರಡನೆಯದು ತೇಲಿತು. ಚಿಂಚೋಳಿಯ ಆಕೆ ನಮ್ಮೆಲ್ಲರಿಗಿಂತ ಗಟ್ಟಿ ಆಳು, ಎರಡು ಕೊಡ ನೀರು ಹೊತ್ತು ಗುಡ್ಡ ಏರುವವಳು. ಅವಳದೂ ತೇಲಿತು. ಆಕೆ ಟೆಕ್ನಿಷಿಯನ್ ಹುಡುಗನ ಕೈ ಹಿಡಿದು "ಇನ್ನೊಮ್ಮಿ ಚುಚ್ಚಪಾ, ಇನ್ನೊಂದು ಬೆರಳು ನೋಡು" ಅಂದಳಂತೆ. ಅವನು ನೋಡಿದ. ಮತ್ತೆ ತೇಲಿತು.

ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಾಲ್ಕನೆಯದರಲ್ಲಿ ಅದು 44.8 ಇತ್ತು. ಈ ಅಂಕಿಗಳನ್ನು ಸಭೆಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಜೀವ ಕೊಡಲು ಬಂದ ಮೂವರು ಗೆಳತಿಯರು ರಕ್ತ ಸಾಲದೆ ಕಣ್ಣೊರೆಸಿಕೊಂಡು ನನ್ನ ಮಂಚದ ಪಕ್ಕ ನಿಂತಾಗ ಅದು ನನ್ನ ಕರುಳಿಗೆ ಮುಟ್ಟಿತು.

ಶಹಾಬಾದಿನಿಂದ ತಮ್ಮ ಮೋಟಾರ್ ಸೈಕಲ್ ಮೇಲೆ ಬಂದ. ದಾರಿಯಲ್ಲಿ ಒಂದು ಕಡೆ ಪೊಲೀಸರ ಏಟೂ ಬಿದ್ದಿತ್ತು, "ಅಕ್ಕಗ ರಕ್ತ ಕೊಡಾಕ ಹೊಂಟೀನ್ರಿ" ಎಂದ ಮೇಲೆ ಬಿಟ್ಟರಂತೆ. ಬಟ್ಟೆಯ ಮೇಲೆಲ್ಲ ಕಲ್ಲಿನ ಬಿಳಿ ಹುಡಿ. ಅವನ ಹನಿ ಮುಳುಗಿತು. ಅವನು ಕರೆತಂದ ಇಬ್ಬರು ಜೊತೆಗಾರರದೂ ಮುಳುಗಿತು. ಗಂಡಸರಿಗೆ ತಿಂಗಳು ತಿಂಗಳು ರಕ್ತ ಹೋಗುವುದಿಲ್ಲ, ಮನೆಯಲ್ಲಿ ಮೊದಲು ಉಣ್ಣುವವರೂ ಅವರೇ. ಇದನ್ನು ಹೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು.

ರಕ್ತ ಏರಿಸಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಫ್ರಿಜ್ಜಿನಿಂದ ಬಂದ ಚೀಲ ತಣ್ಣಗಿತ್ತು, ತೋಳಿನಲ್ಲಿ ಆ ತಂಪು ಏರುವುದು ಗೊತ್ತಾಗುತ್ತಿತ್ತು. ಮೊದಲ ಹದಿನೈದು ನಿಮಿಷ ನರ್ಸ್ ಅಲ್ಲೇ ನಿಂತಳು. ಚಳಿ ಬಂತಾ, ಮೈ ತುರಿಸ್ತದಾ, ಬೆನ್ನು ನೋಯ್ತದಾ ಎಂದು ಕೇಳುತ್ತಿದ್ದಳು. ಹನಿಗಳನ್ನು ಬಹಳ ನಿಧಾನ ಇಟ್ಟಿದ್ದರು. ತಿಂಗಳುಗಟ್ಟಲೆ ತೆಳು ರಕ್ತ ತಳ್ಳಿ ದಣಿದ ಹೃದಯದ ಮೇಲೆ ಒಮ್ಮೆಲೇ ಭಾರ ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ರಕ್ತವೇ ಪ್ರಾಣ ತೆಗೆಯಬಹುದು. ಅದಕ್ಕೆ ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟರು. ಒಂದು ಚೀಲ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಅದಕ್ಕಿಂತ ಹೆಚ್ಚು ಹೊತ್ತು ಹೊರಗಿಡುವಂತಿಲ್ಲ. ಒಂದು ಚೀಲಕ್ಕೆ ಏರುವುದು ಸುಮಾರು ಒಂದು ಗ್ರಾಂ. ಎರಡನೆಯ ಚೀಲವನ್ನು ಮರುದಿನ ಏರಿಸಿದರು. ಅದು ಅರ್ಧ ಆಗುವ ಹೊತ್ತಿಗೆ ನನ್ನ ಕಿವಿಯ ಸದ್ದು ತಗ್ಗಿತು. ಚಳಿಗಾಲದಿಂದ ಬಿಡದೆ ಕೇಳುತ್ತಿದ್ದ ಸದ್ದು. ಆಮೇಲೆ ಪಾದ ಬೆಚ್ಚಗಾದವು. ಕೈ ಹಾಕಿ ಮುಟ್ಟಿ ನೋಡು ಎಂದು ಮಗಳನ್ನು ಎಬ್ಬಿಸಿದೆ.

ಮೂರನೆಯ ಚೀಲದ ನಂತರ ಎದ್ದು ಕೂತು, ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬಂದೆ. ಆಗಲೂ ಬೆರಳಿನ ಯಂತ್ರ ತೋರಿಸಿದ್ದು 98. ರಕ್ತ ಏರಿಸುವುದಕ್ಕೆ ಮುಂಚೆಯೂ ಅಷ್ಟೇ, ಆಮೇಲೂ ಅಷ್ಟೇ.

ಬಿಡುಗಡೆಯ ಮೇಲೆ ನರಕ್ಕೆ ಕಬ್ಬಿಣದ ಇಂಜೆಕ್ಷನ್‌ಗಳಾದವು, ಸ್ರಾವ ನಿಲ್ಲಲು ಮಾತ್ರೆಗಳಾದವು. ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಂಡಿತು. ಗರ್ಭಚೀಲವನ್ನೇ ತೆಗೆಸಿಬಿಡಿ ಎಂದು ಒಬ್ಬರು ಹೇಳಿದಾಗ ನಾನು ಆ ಎಳೆಯ ಡಾಕ್ಟರ ಬಳಿಗೇ ಮತ್ತೆ ಹೋದೆ. ಆಕೆ ಸ್ತ್ರೀರೋಗ ತಜ್ಞೆಯೊಬ್ಬರಿಗೆ ಚೀಟಿ ಬರೆದುಕೊಟ್ಟಳು. ಹಿಮೋಗ್ಲೋಬಿನ್ 10 ದಾಟುವವರೆಗೆ ಅವರು ನನ್ನನ್ನು ಮುಟ್ಟಲಿಲ್ಲ, ಆಮೇಲೆ ಒಳಗಿನಿಂದ ಗಡ್ಡೆಯನ್ನಷ್ಟೇ ತೆಗೆದರು. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ತಮ್ಮನೂ ಅವನ ಗೆಳೆಯರೂ ಕೊಟ್ಟದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ನನ್ನ ಮಜ್ಜೆ ತನ್ನ ಕೆಲಸ ಹಿಡಿದಿತ್ತು.

ಈಗ ದಮ್ಮು ಎಂದು ಯಾವ ಹೆಣ್ಣುಮಗಳು ಹೇಳಿದರೂ ನಾನು ಬೆರಳಿನ ಜೊತೆ ಕಣ್ಣರೆಪ್ಪೆಯನ್ನೂ ನೋಡುತ್ತೇನೆ. ಮುಟ್ಟಿನಲ್ಲಿ ಎಷ್ಟು ಬಟ್ಟೆ ಬದಲಿಸ್ತೀರಿ, ಗಡ್ಡೆಗಡ್ಡೆ ಹೋಗ್ತದಾ, ಹಸಿ ಅಕ್ಕಿ, ಮಣ್ಣು, ಬಳಪ ತಿನ್ನಬೇಕು ಅನಸ್ತದಾ, ರಾತ್ರಿ ಕಿವಿಯಲ್ಲಿ ಸದ್ದು ಬರ್ತದಾ ಎಂದು ಕೇಳುತ್ತೇನೆ. ಗಂಡಸರ ಎದುರು ಹೇಳುವುದಿಲ್ಲ, ಒಲೆಯ ಹತ್ತಿರ ಕೂತರೆ ಹೇಳುತ್ತಾರೆ. ಚಿಂಚೋಳಿಯ ಗೆಳತಿಯ ತಾಂಡಾಕ್ಕೆ ಕಳೆದ ವರ್ಷ ಹೋಗಿದ್ದಾಗ ಕಟ್ಟಿಗೆ ಹೊರೆ ಇಳಿಸಿ ಅಂಗಳದಲ್ಲೇ ಕುಸಿದು ಕೂತ ಒಬ್ಬ ಬಾಣಂತಿಯನ್ನು ಕಂಡೆವು. ಗಂಡ ಒಳಗಿನಿಂದ ಆಕ್ಸಿಮೀಟರ್ ತಂದು ತೋರಿಸಿದ, ಕೊರೊನಾ ಕಾಲದಲ್ಲಿ ಕೊಂಡದ್ದು. "99 ಅದ ಅಕ್ಕಾ, ಏನೂ ಆಗಿಲ್ಲ" ಅಂದ. ಗಾಡಿ, ಡಬ್ಬಿ ಎಲ್ಲ ಅವನಿಗೆ ಬಿಡಿಸಿ ಹೇಳಿದೆ. ಅವನು ಸುಮ್ಮನೆ ಕೇಳಿ, ಹೆಂಡತಿಯ ಕಣ್ಣರೆಪ್ಪೆಯನ್ನು ತಾನೇ ಎಳೆದು ನೋಡಿದ. ಮಧ್ಯಾಹ್ನದೊಳಗೆ ಚಿಂಚೋಳಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 5.2 ಬಂತು. ಅದೇ ಸಂಜೆ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದೆವು. ಜೊತೆಗೆ ಕೂಸನ್ನೆತ್ತಿಕೊಂಡು ನನ್ನ ಗೆಳತಿ ಹೋದಳು, ರಕ್ತ ಕೊಡಲು ಆ ಹುಡುಗಿಯ ಅಣ್ಣಂದಿರು ಹಿಂದೆಯೇ ಬಸ್ಸು ಹತ್ತಿದರು.